ಆಟಕ್ಕೆ ಮೊದಲು ರಜೆ

ಲೋಟ ತೊಳೆಯುವವರಿಗೆ ಆಟವೇಕೆ ಎಂದು ಕೇಳುವವರಿದ್ದಾರೆ. ಅವರು ಈ ಸಂಗತಿ ತಿಳಿಯಲಿ.

ಇಂದು ಸಾಫ್ಟ್‌ಬಾಲ್ ಎನ್ನುವ ಆಟ 1887ರಲ್ಲಿ ಅಮೆರಿಕದ ಶಿಕಾಗೋದ ಒಂದು ಕ್ಲಬ್ಬಿನಲ್ಲಿ ಹುಟ್ಟಿತು. ಸುತ್ತಿ ಕಟ್ಟಿದ ಬಾಕ್ಸಿಂಗ್ ಕೈಗವಸೇ ಚೆಂಡು, ಪೊರಕೆಯ ಹಿಡಿಯೇ ದಾಂಡು. ಪೊರಕೆ ನಮಗೇನು ಹೊಸದೇ? 1895ರಲ್ಲಿ ಮಿನಿಯಾಪೊಲಿಸ್ ನಗರದ ಬೆಂಕಿ ಆರಿಸುವ ನೌಕರರು ಠಾಣೆಯ ಪಕ್ಕದ ಬಯಲಿನಲ್ಲಿ ಇಂಥದೇ ಆಟ ಆಡಿದರು. ಅವರೂ ದುಡಿಯುವವರೇ.

ಅದೇ ಶಿಕಾಗೋದಲ್ಲಿ 1886ರ ಮೇ ತಿಂಗಳಲ್ಲಿ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಬೀದಿಗಿಳಿದಿದ್ದರು. ಉಳಿದ ಹೊತ್ತು ನಮ್ಮದು ಎಂಬುದೇ ಅವರ ಮಾತಾಗಿತ್ತು.

ದಿಲ್ಲಿಯಲ್ಲಿ ನಮಗೆ ಚೆಂಡಿಗೇನೂ ಬರವಿಲ್ಲ. ತಂಡಕ್ಕೆ ಒಂಬತ್ತು ಮಂದಿ ಬೇಕು. ಕಳೆದ ಚಳಿಗಾಲದಲ್ಲಿ ಮೂರು ಸಲ ದಿನ ಗೊತ್ತುಮಾಡಿದೆವು. ಐವರಿಗಿಂತ ಹೆಚ್ಚು ಸೇರಲಿಲ್ಲ. ಒಬ್ಬನಿಗೆ ಸೋಮವಾರ ರಜೆ, ಇನ್ನೊಬ್ಬನಿಗೆ ಗುರುವಾರ, ಮತ್ತೊಬ್ಬನಿಗೆ ರಜೆಯೇ ಇಲ್ಲ. ದಿಲ್ಲಿಯ ಅಂಗಡಿ ಮತ್ತು ಸಂಸ್ಥೆಗಳ 1954ರ ಕಾಯಿದೆ ವಾರದ ದುಡಿಮೆಗೆ 48 ಗಂಟೆಯ ಮಿತಿ ಇಟ್ಟಿದೆ. ವಾರಕ್ಕೊಮ್ಮೆ ಸತತ 24 ಗಂಟೆ ಬಿಡುವು ಕೊಡಬೇಕೆಂದಿದೆ. ಮಾಲೀಕರು ದಯೆಯಿಂದ ಕೊಡುವ ಭಿಕ್ಷೆ ಅದಲ್ಲ, ನಮ್ಮ ಹಕ್ಕು.

ಆದುದರಿಂದ ಬಂಧುಗಳೇ, ತಂಡಕ್ಕಿಂತ ಮೊದಲು ಪಟ್ಟಿ ಮಾಡೋಣ. ಯಾರಿಗೆ ಯಾವ ದಿನ ರಜೆ, ಯಾರಿಗೆ ಇಲ್ಲವೇ ಇಲ್ಲ ಎಂಬುದನ್ನು ಪ್ರತಿ ಹೋಟೆಲಿನಿಂದ ಬರೆದು ಸಂಘಕ್ಕೆ ತನ್ನಿ. ಗಿರಣಿ, ಕಾರ್ಖಾನೆಯವರೂ ತನ್ನಿ. ಆಡುವುದಕ್ಕೆ ಒಂಬತ್ತು ಮಂದಿ ಒಂದಾದರೆ ಸಾಕು. ರಜೆ ಕೇಳುವುದಕ್ಕೆ ಎಲ್ಲರೂ ಒಂದಾಗಬೇಕು.