ಹೊಡೆದುಹಾಕಿದ ಸಾಲುಗಳು

“ಭಾವನವರು ಬರುವುದಾದರೆ ಪಾಯಸ, ಇಲ್ಲವಾದರೆ ತಿಳಿಸಾರು ಸಾಕು.” ಹೀಗೆಂದು ಮನೆಯೊಡತಿ ಚೀಟಿ ಬರೆದಿಟ್ಟು ಹೋಗಿರುವಳೆನ್ನಿ. ಅದು ಅಡಿಗೆಯವನ ಕೈಸೇರುವ ಮೊದಲೇ ಮನೆಯ ಹುಡುಗನೊಬ್ಬ ಅತಿಥಿಗಳ ಪಟ್ಟಿಯನ್ನು ನೋಡಿ, ಬೇಡವಾದ ಸಾಲನ್ನು ಹೊಡೆದುಹಾಕುತ್ತಾನೆ. ಪಟ್ಟಿಯಲ್ಲಿ ‘ಬಾವನವರು’ ಎಂದಿತ್ತು, ಮಹಾಪ್ರಾಣವೊಂದು ತಪ್ಪಿತ್ತು. ಪಾಯಸ ಹೋಯಿತು. ಅಂಥ ಮಾತೊಂದು ಇದ್ದಿತೆಂಬುದೇ ಅಡಿಗೆಯವನಿಗೆ ತಿಳಿಯದು!

ಕಂಪ್ಯೂಟರಿನ ‘ಸಿ’ ಭಾಷೆಯಲ್ಲಿ ಈ ಹುಡುಗನ ಹೆಸರು ಪ್ರೀಪ್ರೊಸೆಸರ್. ಬರಹವನ್ನು ಯಂತ್ರದ ನುಡಿಗಿಳಿಸುವ ಕಂಪೈಲರೇ ಅಡಿಗೆಯವನು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ಈ ಭಾಷೆಯನ್ನು ರೂಪಿಸುತ್ತಿದ್ದಾಗ, 1972-73ರ ಸುಮಾರಿಗೆ ಹುಡುಗ ಕೆಲಸಕ್ಕೆ ಸೇರಿದ. ಬೇರೆ ಕಡತವನ್ನು ತಂದು ಸೇರಿಸುವುದು, ಒಂದು ಹೆಸರಿನ ಬದಲು ಇನ್ನೊಂದನ್ನಿಡುವುದು, ಇಷ್ಟೇ ಮೊದಲ ಚಾಕರಿ. ‘ಇದ್ದರೆ, ಇಲ್ಲದಿದ್ದರೆ’ ಎಂಬ ವಿವೇಚನೆಯನ್ನು ಅನಂತರ ಕಲಿಸಿದವರು ಮುಖ್ಯವಾಗಿ ಮೈಕ್ ಲೆಸ್ಕ್ ಹಾಗೂ ಜಾನ್ ರೈಸರ್. ಒಂದೇ ಬರಹ ಹಲವು ಬಗೆಯ ಯಂತ್ರಗಳಿಗೆ ಒಗ್ಗಲು ಇದು ಬಹಳ ಅನುಕೂಲವಾಯಿತು.

ವಿವೇಚನೆಯೇನೋ ಬಂದಿತು, ವಿಚಾರಿಸುವ ಗುಣ ಬರಲಿಲ್ಲ. ‘ಇಫ್’ ಎಂಬ ಆಜ್ಞೆಯ ಮುಂದೆ ತಾನರಿಯದ ಹೆಸರು ಕಂಡರೆ “ಇವರಾರು?” ಎಂದು ಆತ ಕೇಳನು, ಸೊನ್ನೆಯೆಂದೇ ಎಣಿಸುವನು. ಷರತ್ತು ಸುಳ್ಳಾದರೆ ‘ಎಂಡಿಫ್’ ಬರುವವರೆಗಿನ ಸಾಲುಗಳನ್ನು ದಾಟಿಬಿಡುವನು. ನಡುವೆ ಇನ್ನೊಂದು ‘ಇಫ್’ ಇದ್ದರೆ ಅದರ ಜೊತೆಗಾರನಾದ ‘ಎಂಡಿಫ್’ ಯಾವುದೆಂದು ಲೆಕ್ಕವಿಡುವನು, ಅಷ್ಟೆ.

ಇದರಿಂದೇನು ಕೇಡು ಎನ್ನುವಿರಾ? ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಾಧನ. ಅದನ್ನು ಸೀಮೇಕ್ ಕ್ರಮದಿಂದ ಕಟ್ಟುವಾಗ, ಯಂತ್ರದಲ್ಲಿ ಲ್ಯಾಂಡ್‌ಲಾಕ್ ಎಂಬ ಕಾವಲು ಉಂಟೇ ಎಂದು ನೋಡಲು ಪುಟ್ಟ ಪರೀಕ್ಷೆಯೊಂದಿತ್ತು. 2024ರ ಫೆಬ್ರವರಿಯಲ್ಲಿ ಆ ಪರೀಕ್ಷೆಯೊಳಗೆ ಒಂದು ಚುಕ್ಕೆ ಸೇರಿಕೊಂಡಿತು. ಪರೀಕ್ಷೆ ಸೋತಿತು, ಕಾವಲಿನ ಹೆಸರು ಪಟ್ಟಿಗೆ ಬರಲಿಲ್ಲ, ರಕ್ಷಣೆಯ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. ದೋಷವೆಂದು ಯಾರೂ ಕೂಗಲಿಲ್ಲ. ಅದೇ ಸಾಧನದಲ್ಲಿ ಕಳ್ಳಬಾಗಿಲೊಂದು ಅಡಗಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬವರು ಮಾರ್ಚ್ 29ರಂದು ಬಯಲಿಗೆಳೆದರು. ಅವರಿಗೆ ಸುಳಿವು ಕೊಟ್ಟದ್ದು ಅರ್ಧ ಸೆಕೆಂಡಿನ ವಿಳಂಬ! ಆ ಬಳಿಕವೇ ಚುಕ್ಕೆಯೂ ಕಣ್ಣಿಗೆ ಬಿದ್ದು ಅಳಿಸಿಹೋಯಿತು.

ಅರಿಯದ ಹೆಸರು ಕಂಡರೆ ತಿಳಿಸೆಂದು ಮೊದಲೇ ಅಪ್ಪಣೆಯಿತ್ತರೆ ಜಿಸಿಸಿಯಂಥ ಕಂಪೈಲರುಗಳು ಎಚ್ಚರಿಸುವುದುಂಟು. ಆದರೆ ಆ ಅಪ್ಪಣೆಯನ್ನು ನಾವೇ ಕೊಡಬೇಕು. ಎಲೆಗೆ ಬಡಿಸಿದುದನ್ನು ಎಲ್ಲರೂ ರುಚಿನೋಡುವರು. ಬಡಿಸದೆ ಉಳಿದುದೇನೆಂದು ಕೇಳುವವನೇ ಮನೆಗೆ ಯಜಮಾನ.