ರಸ್ತೆಗೆ ಹೆಸರಿಡುವ ಹಕ್ಕು ಯಾರದ್ದು?

ರಸ್ತೆಗೆ ನಂಬರು ಹಾಕುವುದು ಸರ್ಕಾರಿ ಕಡತದ ಕೆಲಸ, ಅದರಲ್ಲಿ ಮಾತಾಡುವುದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಬಹಳ ಇದೆ ಸ್ವಾಮಿ! 1925-26ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಗವರ್ನರ್ ಒಬ್ಬ ತನ್ನ ರಾಜ್ಯದ ರಸ್ತೆಯ ನಂಬರಿನ ಕೊನೆಗೆ ಒಂದು ಸೊನ್ನೆ ಬೇಕೆಂದು ವಾಷಿಂಗ್ಟನ್ನಿನ ಅಧಿಕಾರಿಗಳ ಹತ್ತಿರ ಜಟಾಪಟಿಗೆ ನಿಂತ. ಅದಕ್ಕೂ ಮೊದಲು ಅದೇ ದೇಶದಲ್ಲಿ ದೂರದ ರಸ್ತೆಗಳಿಗೆ ನಂಬರಿರಲಿಲ್ಲ. ಹೆಸರಿತ್ತು, ಬಣ್ಣವಿತ್ತು. ಆ ಹೆಸರಿಟ್ಟು ಬಣ್ಣ ಬಳಿದವರು ಸರ್ಕಾರದವರಲ್ಲ. ಯಾರು ಬಳಿದರು, ಯಾರ ದುಡ್ಡಿನಲ್ಲಿ ಬಳಿದರು, ಕೊನೆಗೆ ಅದನ್ನು ಯಾರು ಅಳಿಸಿದರು ಎಂಬುದು ನಾವೂ ತಿಳಿದಿರಬೇಕಾದ ಕಥೆ. ಯಾಕೆಂದರೆ ನಮ್ಮ ರಸ್ತೆಗಳ ನಂಬರುಗಳೂ 2010ರಲ್ಲಿ ನಮ್ಮನ್ನು ಕೇಳದೆಯೇ ಬದಲಾದವು. ಆ ಮಾತು ಕೊನೆಗೆ.

ಕಾರು ಬಂದ ಹೊಸದರಲ್ಲಿ ಅಮೆರಿಕದ ಹಳ್ಳಿ ರಸ್ತೆಗಳು ನಮ್ಮ ಎತ್ತಿನ ಗಾಡಿಯ ಜಾಡಿಗಿಂತ ಮೇಲೇನೂ ಇರಲಿಲ್ಲ. ದೂರ ಹೋಗುವವರಿಗೆ ರೈಲು ಇತ್ತು. ರಸ್ತೆ ಏನಿದ್ದರೂ ರೈತ ತನ್ನ ಕಾಳುಕಡಿಯನ್ನು ಹತ್ತಿರದ ಸ್ಟೇಷನ್ನಿಗೆ ಸಾಗಿಸುವುದಕ್ಕೆ. ಅವನಿಗೆ ಬೋರ್ಡು ಯಾಕೆ ಬೇಕು? ಹುಟ್ಟಿದಾಗಿನಿಂದ ನೋಡಿದ ದಾರಿ. ಬೋರ್ಡು ಬೇಕಾದದ್ದು ಪರಊರಿನವನಿಗೆ. ಕಾರು ಬಂದು ಪರಊರಿನವರನ್ನು ರೈತನ ಹೊಲದ ಬದುವಿಗೆ ತಂದು ನಿಲ್ಲಿಸಿತು.

ಇಂಥವರಿಗಾಗಿ 1901ರಿಂದ ‘ಆಟೋಮೊಬೈಲ್ ಬ್ಲೂ ಬುಕ್’ ಎಂಬ ದಪ್ಪ ಪುಸ್ತಕಗಳು ಬರತೊಡಗಿದವು. ಇಷ್ಟು ಮೈಲಿ ಹೋದ ಮೇಲೆ ಚರ್ಚು, ಅಲ್ಲಿ ಎಡಕ್ಕೆ ತಿರುಗಿ. ಮತ್ತಿಷ್ಟು ಹೋದ ಮೇಲೆ ಸೇತುವೆ, ಅದನ್ನು ದಾಟಿ ಬಲಕ್ಕೆ. ಹೀಗೆ ಪುಟಗಟ್ಟಲೆ. ಪಕ್ಕದಲ್ಲಿ ಕೂತವನು ಓದಬೇಕು, ಓಡಿಸುವವನು ಮೈಲಿ ಲೆಕ್ಕ ನೋಡಬೇಕು. ಅಚ್ಚಿನ ಕೆಲಸದವನಾಗಿ ನನಗೆ ಆ ಪುಸ್ತಕ ಮಾಡಿದವರ ಮೇಲೆ ಅಯ್ಯೋ ಅನಿಸುತ್ತದೆ. ಗುರುತಿಗೆ ಬರೆದ ಕೊಟ್ಟಿಗೆ ಸುಟ್ಟುಹೋದರೆ, ಗುರುತಿನ ಮರವನ್ನು ಯಾರೋ ಕಡಿದರೆ, ಆ ಪುಟ ಬೈಂಡಿಂಗ್ ಆಗುವ ಮೊದಲೇ ಸುಳ್ಳಾಯಿತು! ಪುಸ್ತಕದಲ್ಲಿರುವ ಗುರುತು ರಸ್ತೆಯ ಮೇಲೂ ಇರಬೇಕು ಎಂಬ ಬುದ್ಧಿ ಬಂದದ್ದು ಇಲ್ಲಿಂದ.

1912ರಲ್ಲಿ ದಕ್ಷಿಣ ಡಕೋಟಾ ರಾಜ್ಯದ ಇಪ್ಸ್‌ವಿಚ್ ಎಂಬ ಸಣ್ಣ ಊರಿನ ಪಾರ್ಮ್ಲಿ ಎಂಬಾತ ಅಕ್ಕಪಕ್ಕದ ಊರಿನವರನ್ನು ಸೇರಿಸಿ ಒಂದು ರಸ್ತೆ ಸಂಘ ಕಟ್ಟಿದ. ಮೊದಲು ಪಕ್ಕದ ಊರಿಗೆ ಒಂದು ನೆಟ್ಟಗಿನ ರಸ್ತೆ ಆದರೆ ಸಾಕು ಎಂದಿದ್ದವರು ಆಮೇಲೆ ಯೆಲ್ಲೋಸ್ಟೋನ್ ಉದ್ಯಾನದವರೆಗೂ, ಅದಾದ ಮೇಲೆ ಸಮುದ್ರದಿಂದ ಸಮುದ್ರದವರೆಗೂ ಕನಸು ಕಂಡರು. ಬೋರ್ಡಿಗೆ ದುಡ್ಡಿಲ್ಲ. ಮಾಡಿದ್ದೇನು? ದಾರಿ ಬದಿಯ ಕಲ್ಲುಗಳಿಗೆ ಹಳದಿ ಬಣ್ಣ ಬಳಿದರು. ಹಳದಿ ಕಲ್ಲು ಕಂಡರೆ ದಾರಿ ಸರಿ ಇದೆ ಎಂದು ಅರ್ಥ. ಆಮೇಲೆ ಹಳದಿ ವೃತ್ತದೊಳಗೆ ಕಪ್ಪು ಬಾಣದ ಗುರುತು ಬಂತು. ಅದಕ್ಕೆ ಯೆಲ್ಲೋಸ್ಟೋನ್ ಟ್ರೇಲ್ ಎಂದು ಹೆಸರು. ಇದು ಊರಿನವರೇ ಬಕೆಟ್ಟು ಬ್ರಷ್ಷು ಹಿಡಿದು ಮಾಡಿದ ಕೆಲಸ. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದು ಇದೇ.

ಎಲ್ಲವೂ ಹೀಗಿರಲಿಲ್ಲ. ಕಾರ್ಲ್ ಫಿಶರ್ ಎಂಬ ಇಂಡಿಯಾನಾಪೊಲಿಸ್ಸಿನ ಉದ್ಯಮಿ ಕಾರಿನ ದೀಪಕ್ಕೆ ಗ್ಯಾಸ್ ಮಾರಿ ದುಡ್ಡು ಮಾಡಿದವನು. ಅಲ್ಲಿನ ಪ್ರಸಿದ್ಧ ಕಾರ್ ರೇಸಿನ ಮೈದಾನ ಕಟ್ಟಿಸಿದವರಲ್ಲಿ ಒಬ್ಬ. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಒಂದೇ ರಸ್ತೆ ಆಗಲಿ ಎಂದು 1912ರಲ್ಲಿ ಹೊರಟ. ಕಾರು, ಟೈರು, ಸಿಮೆಂಟು ಕಂಪನಿಗಳವರು ಜೊತೆ ಸೇರಿದರು. 1913ರಲ್ಲಿ ಅದಕ್ಕೆ ಲಿಂಕನ್ ಹೈವೇ ಎಂದು ಹೆಸರಿಟ್ಟರು. ಉದ್ದ 3,389 ಮೈಲಿ. ಗುರುತು ಏನೆಂದರೆ ಕಂಬದ ಮೇಲೆ ಕೆಂಪು, ಬಿಳಿ, ನೀಲಿ ಪಟ್ಟೆ, ನಡುವಿನ ಬಿಳಿಯಲ್ಲಿ ‘ಎಲ್’ ಅಕ್ಷರ. ಇದಕ್ಕೆ ಚಂದಾ ಕೊಡಲ್ಲ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದವನು ಯಾರು ಗೊತ್ತೇ? ಹೆನ್ರಿ ಫೋರ್ಡ್! ಎಲ್ಲರಿಗಿಂತ ಹೆಚ್ಚು ಕಾರು ಮಾರುತ್ತಿದ್ದವನು. ರಸ್ತೆ ಮಾಡಿಸುವುದು ಸರ್ಕಾರದ ಕೆಲಸ, ಖಾಸಗಿಯವರು ಮಾಡಿಸಿಕೊಟ್ಟರೆ ಜನ ತೆರಿಗೆ ಕೊಟ್ಟು ಮಾಡಿಸುವುದನ್ನು ಕಲಿಯುವುದೇ ಇಲ್ಲ ಎಂಬುದು ಅವನ ವಾದ. ಫೋರ್ಡನ ಬೇರೆ ಎಷ್ಟೋ ಮಾತು ಒಪ್ಪಲಾಗದವು. ಇದೊಂದು ಮಾತ್ರ ನೂರಕ್ಕೆ ನೂರು ಸರಿ.

ಯಾಕೆ ಸರಿ ಎಂಬುದಕ್ಕೆ ಅದೇ ಫಿಶರ್‌ನ ಎರಡನೆಯ ರಸ್ತೆ ನೋಡಿ. ಉತ್ತರದಿಂದ ದಕ್ಷಿಣದ ಮಯಾಮಿಗೆ ಹೋಗುವ ಡಿಕ್ಸಿ ಹೈವೇ. ಮಯಾಮಿ ಬೀಚಿನಲ್ಲಿ ಈತನ ಜಮೀನು ಸೈಟುಗಳಾಗಿ ಮಾರಾಟಕ್ಕೆ ಕಾದಿತ್ತು! 1915ರ ಏಪ್ರಿಲಿನಲ್ಲಿ ಚಟ್ಟನೂಗಾ ಊರಲ್ಲಿ ಸಭೆ. ರಸ್ತೆ ನಮ್ಮ ಊರ ಮೇಲೆ ಹೋಗಲಿ, ನಮ್ಮ ಊರ ಮೇಲೆ ಹೋಗಲಿ ಎಂದು ಊರೂರಿನವರ ಗಲಾಟೆ. ಯಾರಿಗೂ ಇಲ್ಲ ಎನ್ನಲಾಗದೆ ಕೊನೆಗೆ ಪೂರ್ವದ ಡಿಕ್ಸಿ, ಪಶ್ಚಿಮದ ಡಿಕ್ಸಿ, ನಡುವೆ ಅಡ್ಡ ಕೊಂಡಿಗಳು ಎಂದು ಒಂದು ರಸ್ತೆ ಹೋಗಿ ಬಲೆಯಾಯಿತು. ಹೆಸರು ಮಾತ್ರ ಒಂದೇ. ಹೊಸಬ ಬಂದು ಡಿಕ್ಸಿ ಹೈವೇ ಯಾವುದಪ್ಪಾ ಎಂದರೆ ಯಾವ ಡಿಕ್ಸಿ ಎಂದು ಕೇಳಬೇಕು!

ಇದನ್ನು ನೋಡಿ ಗಲ್ಲಿಗೊಂದು ಸಂಘ ಹುಟ್ಟಿತು. 1920ರ ದಶಕದ ನಡುವಿನ ಹೊತ್ತಿಗೆ ಸುಮಾರು 250 ಹೆಸರಿನ ರಸ್ತೆಗಳಿದ್ದವು. ಕೆಲವು ಸಂಘಗಳು ಪ್ರಾಮಾಣಿಕವಾಗಿ ದುಡಿದವು. ಕೆಲವು ಊರಿನ ವ್ಯಾಪಾರಿಗಳ ಹತ್ತಿರ ವಂತಿಗೆ ವಸೂಲಿ ಮಾಡಿ ಕಂಬಕ್ಕೆ ಬಣ್ಣ ಬಳಿದು ಕೈ ತೊಳೆದುಕೊಂಡವು. ವಂತಿಗೆ ಕೊಟ್ಟ ಊರಿಗೆ ರಸ್ತೆ ಸುತ್ತಿಕೊಂಡು ಹೋಗುತ್ತಿತ್ತು, ಕೊಡದ ಊರನ್ನು ಬಿಟ್ಟು ಹೋಗುತ್ತಿತ್ತು. ಒಂದೇ ತಂತಿ ಕಂಬದ ಮೇಲೆ ಮೂರು ನಾಲ್ಕು ಸಂಘಗಳ ಪಟ್ಟೆ, ಒಂದರ ಕೆಳಗೆ ಒಂದು. ಹಬ್ಬದ ದಿನದ ಎತ್ತಿನ ಕೊಂಬಿನ ಹಾಗೆ. ಮಳೆ ಬಿಸಿಲಿಗೆ ಕೆಂಪು ಮಾಸಿ ಕಿತ್ತಳೆಯಾದರೆ ಅದು ಬೇರೆ ರಸ್ತೆ!

ಇಲ್ಲಿ ನಮ್ಮ ಕಸುಬಿನವರ ಒಂದು ಮಾತು ಹೇಳದೆ ಹೋದರೆ ನಿದ್ದೆ ಬರುವುದಿಲ್ಲ. ರ್‍ಯಾಂಡ್ ಮೆಕ್‌ನಾಲಿ ಎಂಬ ನಕ್ಷೆ ಕಂಪನಿಯ ಮೂಲ 1856ರಲ್ಲಿ ಚಿಕಾಗೋದಲ್ಲಿ ತೆರೆದ ಒಂದು ಅಚ್ಚುಕೂಟ. 1917ರ ಹೊತ್ತಿಗೆ ಅವರ ನಕ್ಷೆಗಾರ ಜಾನ್ ಬ್ರಿಂಕ್ ಎಂಬಾತ ಒಂದು ಉಪಾಯ ಹೇಳಿದ. ನಕ್ಷೆಯ ಮೇಲೆ ರಸ್ತೆಗೊಂದು ಗುರುತು ಅಚ್ಚು ಹಾಕೋಣ, ಅದೇ ಗುರುತನ್ನು ನಾವೇ ಹೋಗಿ ದಾರಿಯ ಕಂಬಗಳ ಮೇಲೂ ಬಳಿದು ಬರೋಣ ಎಂದು. ಕಂಪನಿ ಒಪ್ಪಿತು, ಆಳುಗಳು ಕಂಬ ಹತ್ತಿದರು. ಪ್ರೂಫಿನಲ್ಲಿ ತಪ್ಪಿದ್ದರೆ ನಾವು ಕಾಗದವನ್ನು ತಿದ್ದುತ್ತೇವೆ. ಇವರು ಭೂಮಿಯನ್ನೇ ತಿದ್ದಿದರು! ಜಾಣತನಕ್ಕೆ ಶಹಬ್ಬಾಸ್ ಎನ್ನಲೇಬೇಕು. ಆದರೆ ಯಾವ ದಾರಿ ಮುಖ್ಯ ಎಂದು ನಕ್ಷೆ ಮಾರುವವನು ತೀರ್ಮಾನ ಮಾಡಿದ ಹಾಗಾಯಿತಲ್ಲ? ಆ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು?

ಒಬ್ಬರೇ ನಿಂತು ಮಾಡಿದ ಒಳ್ಳೆಯ ಕೆಲಸವೂ ಉಂಟು. ಕ್ಯಾಲಿಫೋರ್ನಿಯಾದ ಇಂಡಿಯೋ ಊರಿನ ಜೂನ್ ಮೆಕ್‌ಕ್ಯಾರಲ್ ಎಂಬ ವೈದ್ಯೆ ಎದುರಿನಿಂದ ಬಂದ ಲಾರಿಯಿಂದ ಸ್ವಲ್ಪದರಲ್ಲಿ ಪಾರಾಗಿ, 1917ರಲ್ಲಿ ರಸ್ತೆಯ ನಡುಮಧ್ಯಕ್ಕೆ ಬಿಳಿ ಗೆರೆ ಎಳೆದರು. 1924ರಲ್ಲಿ ಅವರ ರಾಜ್ಯ ಆ ಗೆರೆಯನ್ನು ಒಪ್ಪಿಕೊಂಡಿತು. ಮಿಷಿಗನ್ನಿನಲ್ಲಿ ಎಡ್ವರ್ಡ್ ಹೈನ್ಸ್ 1911ರಲ್ಲೇ ಇಂಥ ಗೆರೆ ಹಾಕಿಸಿದ್ದರು.

ಇನ್ನು ಹೆಸರಿನ ಒಳಮರ್ಮ. ಲಿಂಕನ್ ಹೆಸರು ಬಂದದ್ದೇ ತಡ, ಗುಲಾಮಗಿರಿಯ ಪರವಾಗಿ ಯುದ್ಧಕ್ಕೆ ನಿಂತ ದಕ್ಷಿಣದ ನಾಯಕ ಜೆಫರ್ಸನ್ ಡೇವಿಸ್ ಹೆಸರಿನಲ್ಲಿ ಒಂದು ಹೈವೇ ಬೇಕೆಂದು ಅಲ್ಲಿನ ಹೆಂಗಸರ ಸಂಘವೊಂದು 1913ರಲ್ಲಿ ಹೊರಟಿತು. ಯುದ್ಧ ಮುಗಿದು ಐವತ್ತು ವರ್ಷವಾಗುತ್ತ ಬಂದಿದ್ದರೂ ರಸ್ತೆ ಬದಿಯಲ್ಲಿ ಮತ್ತೆ ಶುರು! ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ ಆ ಹೆಸರು ತೆಗೆದದ್ದು 2019ರಲ್ಲಿ. ಅಂದರೆ ಒಂದು ಬೋರ್ಡಿನ ಹೆಸರು ನೂರು ವರ್ಷ ಜನರ ಎದೆಯ ಮೇಲೆ ಕೂತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಉಲ್ಟಾ. 1906ರಿಂದ ಅಲ್ಲಿ ಹಳೆಯ ಸ್ಪ್ಯಾನಿಷ್ ಮಿಷನ್ನುಗಳ ದಾರಿಗೆ ಗಂಟೆ ತೂಗುಹಾಕಿದ ಕಬ್ಬಿಣದ ಕಂಬಗಳನ್ನು ನೆಟ್ಟರು. ಆಳ್ವಿಕೆ ಬದಲಾಗಿ ಇಂಗ್ಲಿಷ್ ಬಂದಿದ್ದರೂ ಹೆಸರು ಸ್ಪ್ಯಾನಿಷ್‌ನಲ್ಲೇ ಉಳಿಯಿತು: ಎಲ್ ಕಮಿನೋ ರಿಯಾಲ್. ಹಾಗೆಂದರೆ ರಾಜಮಾರ್ಗ. ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥದ ಹೆಸರಲ್ಲೂ ಅದೇ ಮಾತಿದೆಯಲ್ಲ ಎಂದು ಓದಿದಾಗ ಖುಷಿಯಾಯಿತು.

ಗೋಜಲು ಹೆಚ್ಚಾದಾಗ ಸರ್ಕಾರ ಎದ್ದಿತು. ವಿಸ್ಕಾನ್ಸಿನ್ ರಾಜ್ಯ 1918ರಲ್ಲೇ ತನ್ನ ರಸ್ತೆಗಳಿಗೆ ನಂಬರು ಹಾಕಿ ದಾರಿ ತೋರಿಸಿತ್ತು. 1925ರಲ್ಲಿ ರಾಜ್ಯಗಳ 21 ಅಧಿಕಾರಿಗಳು, ಕೇಂದ್ರದ 3 ಅಧಿಕಾರಿಗಳು ಸೇರಿದ ಮಂಡಳಿ ರಚನೆಯಾಯಿತು. ಅದನ್ನು ನೇಮಿಸಿದ್ದು ಕೃಷಿ ಇಲಾಖೆ! ಆಗ ಅಲ್ಲಿ ರಸ್ತೆಯ ಕಚೇರಿ ಕೃಷಿ ಇಲಾಖೆಯ ಕೆಳಗಿತ್ತು. ಉತ್ತರ-ದಕ್ಷಿಣದ ರಸ್ತೆಗೆ ಬೆಸ ಸಂಖ್ಯೆ, ಪೂರ್ವ-ಪಶ್ಚಿಮದ ರಸ್ತೆಗೆ ಸರಿ ಸಂಖ್ಯೆ. ಪೂರ್ವ ಕರಾವಳಿಗೆ 1, ಪಶ್ಚಿಮ ಕರಾವಳಿಗೆ 101. ದೇಶದ ಅಡ್ಡಕ್ಕೆ ಹಾಯುವ ಮುಖ್ಯ ರಸ್ತೆಗಳಿಗೆ ಕೊನೆಯಲ್ಲಿ ಸೊನ್ನೆ. 1926ರ ನವೆಂಬರ್ 11ರಂದು 96,626 ಮೈಲಿಗೆ ಮಂಜೂರಾತಿ ಸಿಕ್ಕಿತು. ನಿಲ್ಲು ಎನ್ನುವುದಕ್ಕೆ ಎಂಟು ಮೂಲೆಯ ಫಲಕ, ಅಪಾಯಕ್ಕೆ ಹಳದಿ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಫಲಕ. ಇದೆಲ್ಲ ಇಡೀ ದೇಶಕ್ಕೆ ಒಂದೇ ಆಯಿತು. ಓದು ಬಾರದವನೂ ಆಕಾರ ನೋಡಿ ತಿಳಿಯಬಹುದು. ಒಳ್ಳೆಯ ಕೆಲಸ, ಇದರಲ್ಲಿ ಎರಡು ಮಾತಿಲ್ಲ.

ಆದರೆ ನಂಬರಿಗೆ ರಾಜಕೀಯ ಇಲ್ಲ ಎನ್ನುವವರು ಮೊದಲು ಹೇಳಿದ ಸೊನ್ನೆಯ ಜಗಳ ಕೇಳಿ. ಚಿಕಾಗೋ-ಲಾಸ್ ಏಂಜಲೀಸ್ ರಸ್ತೆಗೆ 60 ಎಂದು ಕೊಟ್ಟಿದ್ದರು. ಕೆಂಟಕಿ ರಾಜ್ಯಕ್ಕೆ ಒಂದೂ ಸೊನ್ನೆಯ ರಸ್ತೆ ಬರಲಿಲ್ಲ. ಗವರ್ನರ್ ಫೀಲ್ಡ್ಸ್ ನಮಗೆ 60 ಬೇಕು ಎಂದ. ಅತ್ತ ಮಿಸೂರಿಯವರು 60 ಎಂದು ನಕ್ಷೆಯನ್ನೂ ಅಚ್ಚು ಹಾಕಿಸಿಬಿಟ್ಟಿದ್ದರು. ಆ ಕಾಗದವೆಲ್ಲ ರದ್ದಿಗೆ ಹೋಯಿತೇನೋ ಎಂದು ನನ್ನ ಹೊಟ್ಟೆ ಉರಿಯಿತು! ಕೊನೆಗೆ 1926ರ ಏಪ್ರಿಲ್ 30ರಂದು ಚಿಕಾಗೋ ರಸ್ತೆಯವರು ಯಾರೂ ಕೇಳದೆ ಬಿದ್ದಿದ್ದ 66ನ್ನು ಆರಿಸಿಕೊಂಡರು. ಹಾಗೆ ತಾವೇ ಆರಿಸಿಕೊಂಡ ನಂಬರನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ 1985ರಲ್ಲಿ ಸರ್ಕಾರ ಅದನ್ನು ಪಟ್ಟಿಯಿಂದ ತೆಗೆದ ಮೇಲೂ ದಾರಿಯುದ್ದಕ್ಕೂ ‘ಐತಿಹಾಸಿಕ 66’ ಎಂಬ ಬೋರ್ಡುಗಳು ಎದ್ದವು.

ಹಳೆಯ ಹೆಸರುಗಳ ಗತಿ? ಲಿಂಕನ್ ಹೈವೇ 1, 30, 40, 50 ಎಂದೆಲ್ಲ ತುಂಡು ತುಂಡಾಯಿತು. ಸಂಘದವರು ಸುಮ್ಮನೆ ಸಾಯಲಿಲ್ಲ. 1928ರ ಸೆಪ್ಟೆಂಬರ್ 1ರಂದು ಸ್ಕೌಟ್ ಹುಡುಗರಿಂದ ಸುಮಾರು 3000 ಕಾಂಕ್ರೀಟು ಕಂಬಗಳನ್ನು ದಾರಿಯುದ್ದಕ್ಕೂ ನೆಡಿಸಿದರು. ಅವುಗಳಲ್ಲಿ ಕೆಲವು ಇವತ್ತೂ ನಿಂತಿವೆ. ಪೆನ್ಸಿಲ್ವೇನಿಯಾದಲ್ಲಿ ಇಂದಿಗೂ ಅಂಗಡಿಗಳ ವಿಳಾಸದಲ್ಲಿ ಲಿಂಕನ್ ಹೈವೇ ಎಂದೇ ಇರುತ್ತದೆ. ನಂಬರು ಕೊಟ್ಟದ್ದು ತಪ್ಪಲ್ಲ. ನಂಬರು ಕೊಡುವಾಗ ಹೆಸರನ್ನೂ ಸರ್ಕಾರದ ಬೋರ್ಡಿನಿಂದ ಕಿತ್ತರಲ್ಲ, ಅದು ತಪ್ಪು. ಕಳ್ಳ ಸಂಘಗಳ ಪಟ್ಟೆಯನ್ನು ಒರೆಸುವ ಭರದಲ್ಲಿ ಇಪ್ಸ್‌ವಿಚ್ಚಿನವರ ಹಳದಿ ಕಲ್ಲನ್ನೂ ಕಡೆಗಣಿಸಿದರು.

ಈಗ ನಮ್ಮ ಮನೆಗೆ ಬನ್ನಿ. ದಾರಿ ತೋರಿಸುವ ಕಂಬಕ್ಕೆ ಕನ್ನಡದಲ್ಲಿ ಕೈಮರ ಎಂಬ ಚೆಂದದ ಹೆಸರಿದೆ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಎಂಬ ಊರೇ ಇದೆ. ರಸ್ತೆಗೆ ಹೆಸರಿಡುವ ರೀತಿಯೂ ನಮ್ಮಲ್ಲಿ ಸರಳ: ಎಲ್ಲಿಗೆ ಹೋಗುತ್ತದೋ ಅದೇ ಹೆಸರು. ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಪೂನಾ-ಬೆಂಗಳೂರು ರಸ್ತೆ. ಕೊನೆಯದು ಸರ್ಕಾರದ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. 2010ರಲ್ಲಿ ಹೊಸ ಪದ್ಧತಿ ತಂದು 48 ಮಾಡಿದರು. ಬಳ್ಳಾರಿ ರಸ್ತೆಯ 7 ಹೋಗಿ 44 ಬಂತು. ಕರಾವಳಿಯ 17 ಹೋಗಿ, ನೋಡಿ ಕಾಕತಾಳೀಯ, 66 ಬಂತು! ನಮ್ಮಲ್ಲಿ ಉತ್ತರ-ದಕ್ಷಿಣಕ್ಕೆ ಸರಿ ಸಂಖ್ಯೆ, ಪೂರ್ವ-ಪಶ್ಚಿಮಕ್ಕೆ ಬೆಸ. ಅಮೆರಿಕಕ್ಕೆ ತಿರುಗಾಮುರುಗಾ.

ಪದ್ಧತಿಗೆ ನನ್ನ ತಕರಾರಿಲ್ಲ. ಆದರೆ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಯಾರನ್ನಾದರೂ ಕೇಳಿ, ಪಿ.ಬಿ. ರಸ್ತೆ ಎನ್ನುತ್ತಾರೆ. ನನ್ನ ಪ್ರೆಸ್ಸಿಗೆ ಬರುವ ಲಗ್ನಪತ್ರಿಕೆ, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು ಯಾವುದರಲ್ಲೂ ಒಬ್ಬನೂ ಹೆದ್ದಾರಿ 48 ಎಂದು ವಿಳಾಸ ಬರೆಸಿಲ್ಲ. 4 ಇದ್ದಾಗಲೂ ಬರೆಸಲಿಲ್ಲ. ಕಲ್ಯಾಣ ಮಂಟಪ ಪಿ.ಬಿ. ರಸ್ತೆಯಲ್ಲೇ ಇರುತ್ತದೆ. ಆದರೆ ಹೆದ್ದಾರಿಯ ದೊಡ್ಡ ಹಸಿರು ಬೋರ್ಡಿನ ಮೇಲೆ ಆ ಹೆಸರಿಗೆ ಒಂದು ಸಾಲಿನ ಜಾಗವಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೇ. ನಂಬರಿನ ಕೆಳಗೆ ಜನ ಕರೆಯುವ ಹೆಸರನ್ನೂ ಬರೆಯಲಿ, ಮೊದಲು ಕನ್ನಡದಲ್ಲಿ, ಗಾಡಿ ಓಡಿಸುವವನಿಗೆ ದೂರದಿಂದ ಕಾಣುವಷ್ಟು ದಪ್ಪ ಅಕ್ಷರದಲ್ಲಿ. ಆ ಹೆಸರು ಯಾವುದೆಂದು ವಂತಿಗೆ ಕೊಡುವ ಕಂಪನಿಯಾಗಲಿ, ಸೈಟು ಮಾರುವವನಾಗಲಿ, ದಿಲ್ಲಿಯ ಕಚೇರಿಯಾಗಲಿ ಹೇಳುವುದು ಬೇಡ. ರಸ್ತೆ ಹಾಯುವ ಊರಿನ ಪಂಚಾಯಿತಿ, ಪುರಸಭೆ ಠರಾವು ಮಾಡಿ ಹೇಳಲಿ. ನಿಮ್ಮ ಊರಿನ ಹಿರಿಯರು ಹೆದ್ದಾರಿಯನ್ನು ಏನೆಂದು ಕರೆಯುತ್ತಿದ್ದರು ಎಂದು ಈ ವಾರವೇ ಕೇಳಿ ಬರೆದಿಡಿ, ಸಭೆಯ ಮುಂದೆ ಇಡಿ. ಅರ್ಜಿಯ ನಮೂನೆ ಬೇಕಾದವರು ಪತ್ರಿಕೆಯ ಕಚೇರಿಗೆ ತಿಳಿಸಿ. ಅಚ್ಚು ಹಾಕಿಕೊಡುವ ಖರ್ಚು ನನ್ನದು.