ಅಜ್ಜಿಯ ಅಜ್ಜಿಯ ಹೆಸರೇನು?

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದ ಮಗಳ ಮಗಳು ಒಂದು ಪುಟ್ಟ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ತಾತ, ಈ ಕೊಳವೆಯೊಳಗೆ ಸ್ವಲ್ಪ ಎಂಜಲು ಉಗುಳಿ ಕೊಡಿ. ನನ್ನ ತಾಯಿಯ ಕಡೆಯ ಮೂಲ ಎಲ್ಲಿಯದೆಂದು ತಿಳಿಯಬೇಕು" ಎಂದಳು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸಿದ ನನಗೆ ನಗು ಬಂದಿತು. "ಮಗೂ, ನನ್ನ ಎಂಜಲು ನಿನಗೆ ಪ್ರಯೋಜನವಿಲ್ಲ. ನಿನ್ನಲ್ಲಿರುವುದು ನಿನ್ನ ಅಜ್ಜಿ ಕೊಟ್ಟದ್ದು" ಎಂದೆ.

ವಿಷಯ ಹೀಗಿದೆ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಡಿಎನ್‌ಎ ತಾಯಿ ತಂದೆ ಇಬ್ಬರಿಂದಲೂ ಬರುತ್ತದೆ. ಅದರ ಹೊರಗೆ, ಕೋಶದ ಶಕ್ತಿಕೇಂದ್ರವೆಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಮೈಟೋಕಾಂಡ್ರಿಯದಲ್ಲಿ, 16,569 ಅಕ್ಷರಗಳ ಬೇರೊಂದು ಚಿಕ್ಕ ಡಿಎನ್‌ಎ ಉಂಟು. ಅದು ತಾಯಿಯಿಂದ ಮಾತ್ರ ಬರುತ್ತದೆ. ಗಂಡುಮಕ್ಕಳೂ ಅದನ್ನು ಪಡೆಯುತ್ತಾರೆ, ಆದರೆ ಮುಂದಕ್ಕೆ ಕೊಡಲಾರರು. ನಾನು ನನ್ನ ತಾಯಿಗೆ ಒಬ್ಬನೇ ಮಗ. ಆಕೆ ನನಗಿತ್ತ ಆ ಪುಟ್ಟ ಬರಹ ನನ್ನೊಂದಿಗೇ ಮುಗಿಯುತ್ತದೆ. ಇದನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೆನಾದರೂ ನನ್ನ ವಿಷಯವಾಗಿ ಯೋಚಿಸಿದ್ದು ಆ ದಿನವೇ.

ತಲೆಮಾರುಗಳು ಉರುಳಿದಂತೆ ಆ ಬರಹದಲ್ಲಿ ಅಪರೂಪಕ್ಕೊಮ್ಮೆ ಒಂದಕ್ಷರ ಬದಲಾಗುತ್ತದೆ. ಅಂತಹ ಬದಲಾವಣೆಗಳನ್ನು ಹೋಲಿಸಿ ಕವಲುಗಳನ್ನು ಗುರುತಿಸುತ್ತಾರೆ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಅಲನ್ ವಿಲ್ಸನ್ 147 ಜನರ ಮಾದರಿಗಳನ್ನು ಪರಿಶೀಲಿಸಿ, ಎಲ್ಲ ಕವಲುಗಳೂ ಸುಮಾರು ಎರಡು ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿದ್ದ ಒಬ್ಬ ಸ್ತ್ರೀಯಲ್ಲಿ ಸೇರುತ್ತವೆಂದು ತೋರಿಸಿದರು. ಆಕೆ ಅಂದಿನ ಏಕೈಕ ಹೆಂಗಸೇನಲ್ಲ. ಉಳಿದವರ ಹೆಣ್ಣುಸಂತತಿ ಎಲ್ಲೋ ಕಡಿದುಹೋಯಿತು, ನನ್ನ ತಾಯಿಯದು ನನ್ನಲ್ಲಿ ಕಡಿದಂತೆ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಾಯಿಕವಲು 'ಎಂ' ಎಂಬ ಗುಂಪಿಗೆ ಸೇರಿದೆ. ಅಗ್ರಹಾರದಲ್ಲಿಯೂ ಅದೇ, ಹಾಡಿಯಲ್ಲಿಯೂ ಅದೇ. ಆದುದರಿಂದ ಇಂತಹ ವರದಿಯನ್ನು ಹಿಡಿದು ತಮ್ಮ ಜಾತಿಯ ಹಿರಿಮೆಯನ್ನು ಸಾಧಿಸಲು ಹೊರಡುವವರಿಗೆ ನಿರಾಶೆ ಕಾದಿದೆ. ಲೆಕ್ಕವನ್ನೂ ನೋಡಿ: ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮಗೆ 1,024 ಪೂರ್ವಿಕರ ಸ್ಥಾನಗಳಿವೆ. ಈ ಪರೀಕ್ಷೆ ಅವರಲ್ಲಿ ಒಬ್ಬಳ ಸುದ್ದಿಯನ್ನು ಮಾತ್ರ ಹೇಳುತ್ತದೆ, ಅದೂ ಅವಳ ಹೆಸರಿಲ್ಲದೆ.

ಹಾಗೆಂದು ನಾನು ಇದನ್ನು ಹಳಿಯುವವನಲ್ಲ. ಉತ್ತರ ಕನ್ನಡದ ಸಿದ್ದಿಯರ ಪೂರ್ವಿಕರನ್ನು ಗುಲಾಮರನ್ನಾಗಿ ಆಫ್ರಿಕಾದಿಂದ ಕಡಲು ದಾಟಿಸಿ ತಂದರು. ಯಾರ ಮಗಳು, ಯಾವ ಊರು ಎಂದು ಬರೆದಿಟ್ಟವರಾರು? ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಸಿದ್ದಿಯರ ಡಿಎನ್‌ಎಯಲ್ಲಿ ಆ ಆಫ್ರಿಕಾದ ಮೂಲವನ್ನು ಓದಿತು. ನೆನಪನ್ನೇ ಬಲವಂತವಾಗಿ ಕತ್ತರಿಸಿದ ಕಡೆ ಇಂತಹ ಪರೀಕ್ಷೆಗೆ ಬೆಲೆಯಿದೆ.

ನೆನಪು ಉಳಿದಿರುವ ಕಡೆ? ಅದೇ 2011ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕನ್ನು ಪಡೆದರು. ಅದಕ್ಕೆ ಯಾರೂ ರಕ್ತಪರೀಕ್ಷೆ ಮಾಡಿಸಲಿಲ್ಲ. ತಮ್ಮ ದೇವರ ನೆಲೆಗಳನ್ನು, ಹಳೆಯ ಪೋಡುಗಳನ್ನು ಹೆಸರು ಹಿಡಿದು ತೋರಿಸಬಲ್ಲವರು ಅವರು. ನಾವು ಓದಿದವರು ನಮ್ಮ ಅಜ್ಜಿಯ ಅಜ್ಜಿಯನ್ನು ಹೆಸರಿಸಲಾರೆವು. ಗೋತ್ರ, ಬೆಡಗು, ಮನೆತನ ಎಲ್ಲವೂ ತಂದೆಯ ಕಡೆಯವು. ನಮ್ಮ ಚಾಮರಾಜನಗರವನ್ನೇ ನೋಡಿ. ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟರು. ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು ಚಾಮರಾಜೇಶ್ವರ ಗುಡಿಯೊಳಗಿನ ಅಮ್ಮನವರ ಹೆಸರಾಗಿ ಉಳಿಯಿತು. ಅರಸನ ತಾಯಿಯಾದ್ದರಿಂದ ಅಷ್ಟಾದರೂ ದೊರೆಯಿತು ಎನ್ನಬೇಕು.

ಮೊಮ್ಮಗಳು ಕೊನೆಗೆ ತನ್ನ ಎಂಜಲನ್ನೇ ಕಳುಹಿಸುವುದೆಂದು ನಿಶ್ಚಯಿಸಿದಳು. ಇಂತಹ ಪರೀಕ್ಷೆ ನಡೆಸುವ ಅಮೆರಿಕದ 23 ಆ್ಯಂಡ್ ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳುವಾದುದನ್ನೂ, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿದುದನ್ನೂ ಹೇಳಿದೆ. "ನೋಡೋಣ ತಾತ" ಎಂದಳು. ಪೆಟ್ಟಿಗೆ ಇನ್ನೂ ನನ್ನ ಬೀರುವಿನಲ್ಲಿದೆ.

ಮರುದಿನ ಅವಳನ್ನು ಗುಂಡ್ಲುಪೇಟೆಗೆ ಕರೆದೊಯ್ದೆ. ನನ್ನ ಪತ್ನಿಯ ಚಿಕ್ಕಮ್ಮನವರು ಅಲ್ಲಿದ್ದಾರೆ, ಎಂಬತ್ತೆಂಟು ವರ್ಷ. ಕಿವಿ ಮಂದವಾದರೂ ನೆನಪು ಚುರುಕು. ಹುಡುಗಿ ನೋಟ್ ಪುಸ್ತಕ ತೆರೆದು ಕುಳಿತಳು. ತಮ್ಮ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಥಟ್ಟನೆ ಹೇಳಿದರು. ಅವರು ಯಾವ ಮನೆಯಿಂದ ಬಂದರು, ಎಷ್ಟು ಹೆತ್ತರು, ಎಷ್ಟು ಉಳಿದವು ಎಂಬುದೂ ಬಂದಿತು. (ಆ ಹೆಸರುಗಳು ಮನೆಯ ಪುಸ್ತಕದಲ್ಲಿಯೇ ಇರಲಿ, ಇಲ್ಲಿ ಬರೆಯುವುದಿಲ್ಲ.) "ಅವರ ತಾಯಿ?" ಎಂದಳು ಹುಡುಗಿ. ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದರು. "ತೆರಕಣಾಂಬಿಯಿಂದ ತಂದ ಹೆಣ್ಣಂತೆ. ಎಲ್ಲರೂ ತೆರಕಣಾಂಬಿಯವಳು ಅಂತಲೇ ಕರೀತಿದ್ದರು. ಹೆಸರು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ ಕಣಮ್ಮ" ಎಂದರು.

ಮೊಮ್ಮಗಳು ನಾಲ್ಕನೆಯ ಸಾಲಿನಲ್ಲಿ 'ತೆರಕಣಾಂಬಿಯವಳು' ಎಂದು ಬರೆದು, ಪಕ್ಕದಲ್ಲಿ ಹೆಸರಿಗೆಂದು ಸ್ವಲ್ಪ ಜಾಗ ಬಿಟ್ಟಳು.